ಲಾರೆನ್ಸನ ಮೊದಲ ಕ್ಯಾಸೆಟ್

1984ರಲ್ಲಿ ನಾನು ರಿಯಾದ್‌ನ ಒಂದು ನಿರ್ಮಾಣ ಕಂಪನಿಯ ತರಬೇತಿ ಕೇಂದ್ರದಲ್ಲಿ ಸೌಂಡ್ ಟೆಕ್ನಿಷಿಯನ್ ಆಗಿದ್ದೆ. ಕ್ರೇನ್ ಕೆಳಗೆ ನಿಲ್ಲಬೇಡಿ, ಹೆಲ್ಮೆಟ್ ತೆಗೆಯಬೇಡಿ ಎಂಬ ಪಾಠಗಳನ್ನು ಅರಬ್ಬಿ, ಇಂಗ್ಲಿಷ್, ಉರ್ದುವಿನಲ್ಲಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಗೋಡೆಗೆಲ್ಲ ಕಾರ್ಪೆಟ್ ಹೊಡೆದ ಆ ಪುಟ್ಟ ಸ್ಟುಡಿಯೋದಲ್ಲಿ ಒಬ್ಬ ಹಾಡುಗಾರನ ಮೊದಲ ಆಲ್ಬಮ್ ಹುಟ್ಟಿತು. ನನ್ನ ಸೋಮಾರಿತನದಿಂದ ಅದು ಅಳಿಸಿಯೇ ಹೋಗುವುದರಲ್ಲಿತ್ತು.

ಹಾಡುಗಾರ ಲಾರೆನ್ಸ್ ಬಂಟ್ವಾಳದ ಕಡೆಯವ, ನಮ್ಮ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ನನ್ನ ರೂಮ್‌ಮೇಟ್. ಅಮೆರಿಕದ ಕಂಟ್ರಿ ಮ್ಯೂಸಿಕ್ ಎಂದರೆ ಅವನಿಗೆ ಹುಚ್ಚು. ಅದೇ ಧಾಟಿಯಲ್ಲಿ ಗಿಟಾರ್ ಮೀಟುತ್ತಾ ಕೊಂಕಣಿಯಲ್ಲಿ ಕಥೆ ಹೇಳಿದಂತೆ ಹಾಡುತ್ತಿದ್ದ. ಕಾಂಟ್ರಾಕ್ಟ್ ಮುಗಿದು ಊರಿಗೆ ಹೊರಟಿದ್ದ. ಒಳ್ಳೆಯ ರೆಕಾರ್ಡಿಂಗ್ ತಂದರೆ ಆಲ್ಬಮ್ ಹೊರತರುತ್ತೇನೆ ಎಂದು ಮಂಗಳೂರಿನ ಕ್ಯಾಸೆಟ್ ವ್ಯಾಪಾರಿಯೊಬ್ಬರು ಮಾತು ಕೊಟ್ಟಿದ್ದರು. ನಮ್ಮ ಈಜಿಪ್ಟಿನ ಮ್ಯಾನೇಜರ್ ರಜೆಯ ಒಂದು ಗುರುವಾರ ಸ್ಟುಡಿಯೋ ಬಿಟ್ಟುಕೊಟ್ಟರು. ಎಂಟು ಹಾಡು ಮುಗಿಸಿದೆವು. ರೆಕಾರ್ಡ್ ಮಾಡಿದ್ದ ಕಂಪನಿಯ ದೊಡ್ಡ ಟೇಪನ್ನು ಅಳಿಸಿ ಇಡಬೇಕಿತ್ತು. ಕ್ಯಾಸೆಟ್‌ಗೆ ಇಳಿಸಿಕೊಂಡ ಒಂದೇ ಪ್ರತಿ ಉಳಿಯಿತು.

ಕ್ಯಾಸೆಟ್‌ನ ಬೆನ್ನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗದು. ನಾನು ಮುರಿಯಲಿಲ್ಲ, ಹೆಸರನ್ನೂ ಬರೆಯಲಿಲ್ಲ. ನಾಡಿದ್ದು ಆಫೀಸಿನಲ್ಲಿ ಚಂದದ ಲೇಬಲ್ ಟೈಪ್ ಮಾಡಿಸೋಣ ಎಂದು ರೂಮಿನ ಟೇಪ್ ರೆಕಾರ್ಡರ್ ಪಕ್ಕ ಇಟ್ಟೆ.

ಆಗ ಗಲ್ಫಿನಲ್ಲಿ ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತಾಡಿ ಊರಿಗೆ ಕಳುಹಿಸುವ ರೂಢಿಯಿತ್ತು. ಇನ್ನೊಬ್ಬ ರೂಮ್‌ಮೇಟ್, ಉಪ್ಪಿನಂಗಡಿಯ ಹಮೀದಾಕ, ಓದಲು ಬಾರದ ತಾಯಿಗಾಗಿ ಪ್ರತಿ ಶುಕ್ರವಾರ ಮಾತಾಡುತ್ತಿದ್ದರು. ಮರುದಿನ ಕೈಗೆ ಸಿಕ್ಕ ಹೆಸರಿಲ್ಲದ ಕ್ಯಾಸೆಟ್ ಹಾಕಿದರು. ಸಂಜೆ ಲಾರೆನ್ಸ್ ತನ್ನ ಹಾಡು ಕೇಳಲು ಗುಂಡಿ ಒತ್ತಿದರೆ, "ಉಮ್ಮಾ..." ಎಂಬ ಹಮೀದಾಕನ ದನಿ! ಮೊದಲ ಎರಡು ಹಾಡು ಹಾಳಾಗಿದ್ದವು. ಅವನ ವಿಮಾನಕ್ಕೆ ಆರೇ ದಿನ ಉಳಿದಿತ್ತು.

ಹಮೀದಾಕ ಓಡಿ ಬಂದರು. "ಅದರ ಮೇಲೇ ಪುನಃ ಹಾಡಿ ಅಳಿಸಿ ಬಿಡು ಮಾರಾಯ, ನನ್ನ ಮಾತು ಎಂತಕ್ಕೆ?" ಎಂದರು.

ಲಾರೆನ್ಸ್ ಟೇಪ್ ನಿಲ್ಲಿಸಿ ಕ್ಯಾಸೆಟ್ ಹೊರತೆಗೆದ. ಆಮೇಲೆ ಹೇಳಿದ: "ಬೇಡ ಹಮೀದಾಕ. ನಿಮ್ಮ ಉಮ್ಮ ಕಾಯ್ತಾ ಇರ್ತಾರೆ. ಹಾಡು ನನ್ನ ಬಾಯಲ್ಲೇ ಉಂಟಲ್ಲ."

ತಪ್ಪು ನನ್ನದು. ಆದರೆ ಶನಿವಾರ ಮ್ಯಾನೇಜರ್ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಹಮೀದಾಕ ತಮ್ಮ ಸರಾಗ ಅರಬ್ಬಿಯಲ್ಲಿ ಅದನ್ನು ತಮ್ಮ ತಲೆಗೆ ಹಾಕಿಕೊಂಡರು. "ತಾಯಿಗೆ ಕಳುಹಿಸುವ ಮಾತಾ?" ಎಂದಷ್ಟೇ ಕೇಳಿದ ಮ್ಯಾನೇಜರ್, "ಯಲ್ಲಾ, ಆಗಲಿ, ಗುರುವಾರ ಎರಡು ಗಂಟೆ ಹೊತ್ತು ಸ್ಟುಡಿಯೋ ನಿಮಗೆ" ಎಂದರು. ಆ ಗುರುವಾರ ಸಂಜೆಯೇ ವಿಮಾನ. ಲಾರೆನ್ಸ್ ಸೂಟ್‌ಕೇಸನ್ನು ಸ್ಟುಡಿಯೋದ ಬಾಗಿಲಲ್ಲಿಟ್ಟು ಎರಡು ಹಾಡು ಹಾಡಿದ. ಹಳೆಯದರಲ್ಲಿ ಉಳಿದಿದ್ದ ಆರನ್ನೂ ನಾನು ಅವುಗಳ ಜೊತೆ ಹೊಸ ಕ್ಯಾಸೆಟ್‌ಗೆ ಇಳಿಸಿದೆ. ಪ್ಲಾಸ್ಟಿಕ್ ತುಂಡುಗಳನ್ನು ಹಮೀದಾಕನೇ ಮುರಿದರು. ಹಳೆಯ ಕ್ಯಾಸೆಟ್ ಲಾರೆನ್ಸನ ಕೈಯಲ್ಲೇ ಉಪ್ಪಿನಂಗಡಿಗೆ ಹೋಯಿತು.

ಆಲ್ಬಮ್ ಹೊರಬಂತು. ಅದಕ್ಕೂ ಮೊದಲು ಹಮೀದಾಕನ ತಾಯಿಯ ಉತ್ತರ ಕ್ಯಾಸೆಟ್‌ನಲ್ಲೇ ಬಂತು. ಕ್ಯಾಸೆಟ್ ಕೊಟ್ಟುಹೋದವನೇ ಹಾಡಿದವನೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಹಮೀದಾಕ ಕಣ್ಣೊರೆಸುತ್ತಾ ನನಗೆ ತಿಳಿಸಿದರು: "ನೀನು ಮಾತು ಮುಗಿಸಿದ ಮೇಲೆ ಯಾರೋ ಹಾಡ್ತಾನೆ. ಭಾಷೆ ಗೊತ್ತಾಗುದಿಲ್ಲ. ಆದ್ರೆ ಅವ ಹಾಡುವಷ್ಟು ಹೊತ್ತು ನೀನು ನನ್ನ ಹತ್ರದಿಂದ ಎದ್ದು ಹೋಗ್ಲಿಲ್ಲ ಅಂತ ಅನಿಸ್ತದೆ."

ಕೆಲಸ ಮುಗಿದ ಗಳಿಗೆಯಲ್ಲೇ ಆ ತುಂಡು ಮುರಿಯಬೇಕೆಂದು ಮುಂದೆ ಎಷ್ಟೋ ಕಿರಿಯರಿಗೆ ಕಲಿಸಿದೆ. ನನಗದನ್ನು ಒಂದೂ ಬೈಗುಳವಿಲ್ಲದೆ ಕಲಿಸಿದ ಆ ಇಬ್ಬರಿಗೆ ಇಂದಿಗೂ ಋಣಿ. ಲಾರೆನ್ಸನ ಆಲ್ಬಮಿನ ಮೊದಲ ಕೇಳುಗರು ಯಾರೆಂದು ಕೇಳಿದರೆ, ಉಪ್ಪಿನಂಗಡಿಯ ಆ ತಾಯಿ ಎನ್ನುತ್ತೇನೆ.