ನರ್ಸಬಾಯಿಗೆ ಮನೆ ಬಿಡಿಸಿಕೊಟ್ಟಿದ್ದು

ಮಂಡಲ ಪಂಚಾಯಿತಿ ಬಂದ ವರ್ಷ, ಹೆಣ್ಣುಮಕ್ಕಳಿಗೆ ಮೀಸಲಾದ ಜಾಗಕ್ಕೆ ನನ್ನನ್ನು ನಿಲ್ಲಿಸಿದವರು ನಮ್ಮ ಮಾವನವರು. ಹಲಗೇರಿ ಕಡೆಯ ನಮ್ಮ ಊರಿನಲ್ಲಿ ಅವರ ಮಾತು ಮೀರುವವರಿರಲಿಲ್ಲ. ನಾನು ಸಲೀಸಾಗಿ ಆರಿಸಿ ಬಂದೆ. "ನೀ ಹೆಸರಿಗೆ ಇದ್ರ ಸಾಕವ್ವಾ. ಮೀಟಿಂಗಿಗೆ ನಿನ್ನ ಗಂಡ ಹೋಗ್ತಾನ" ಎಂದರು. ಹಾಗೇ ನಡೆಯಿತು ಕೂಡ.

ಆಮೇಲೊಂದು ಸಭೆಯ ದಿನ ನನ್ನ ಗಂಡ ಬ್ಯಾಡಗಿ ಪೇಟೆಗೆ ಹೋಗಿದ್ದರು, ಮಾವನವರು ಬೀಗರ ಊರಿನಲ್ಲಿದ್ದರು. ಯಾರೂ ಹೋಗದಿದ್ದರೆ ಹೇಗೆ ಎಂದು ನಾನು ಚಡಪಡಿಸುತ್ತಿದ್ದಾಗ ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದರು: "ನೀನ ಹೋಗಿ ಬಾ. ಆರಿಸಿ ಬಂದಾಕಿ ನೀನ ಅಲ್ಲೇನು?"

ಬಸ್ಸು ಹತ್ತಿ ಮಂಡಲ ಕಚೇರಿಯಿದ್ದ ಊರಿಗೆ ಹೋದೆ. ಗಂಡಸರ ನಡುವೆ ಬೆಂಚಿನ ತುದಿಯಲ್ಲಿ ಕುಳಿತೆ. ನಮ್ಮೂರ ಮಾತೇ ಬಂತು. ಊರಿನಲ್ಲಿ ಬಸುರಿ-ಬಾಣಂತಿಯರಿಗಾಗಿ ಸರಕಾರ ಕಟ್ಟಿಸಿದ ಚಿಕ್ಕ ಆರೋಗ್ಯ ಕೇಂದ್ರವಿತ್ತು, ಹಿಂದೆಯೇ ನರ್ಸಿಗೊಂದು ಮನೆ. ಆದರೆ ನರ್ಸ್ ರಾಣೆಬೆನ್ನೂರಿನಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಿದ್ದಳು.

"ನರ್ಸ್ ಊರಾಗ ಇರೂದಿಲ್ಲಂತ ದೂರು ಐತಿ. ಆ ಕೇಂದ್ರ ಬ್ಯಾರೆ ಊರಿಗೆ ಕೊಡ್ರಿ ಅಂತ ಜಿಲ್ಲಾ ಪರಿಷತ್ತಿಗೆ ಬರಿಯೂಣೇನು?" ಎಂದರು ಮಂಡಲದ ಮುಖ್ಯಸ್ಥರಾದ ಪ್ರಧಾನರು.

ಸಭೆಗೆ ಕರೆಸಿದ್ದರಿಂದ ಬಾಗಿಲ ಬಳಿ ನಿಂತಿದ್ದ ನರ್ಸ್ ಮುಂದೆ ಬಂದಳು. "ಇರಾಕ ನಾ ತಯಾರ್ ಅದೀನ್ರಿ. ನನಗ ಕೊಟ್ಟ ಮನಿ ತುಂಬ ಮೆಣಸಿನಕಾಯಿ ಚೀಲ ಅದಾವ. ಎಲ್ಲಿ ಇರ್ಲ್ರಿ?"

"ಯಾರ ಚೀಲ?" ಎಂದು ಪ್ರಧಾನರು ಕೇಳಿದರು.

ಜಿಲ್ಲೆಯ ಊರು ಧಾರವಾಡದಲ್ಲಿ ಕುಳಿತ ಸಾಹೇಬರಿಗೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಬೆಂಚಿನ ಮೇಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಎದುರಿಗಿದ್ದೆನೆಂದೇ ಸುಮ್ಮನಿದ್ದರು.

"ಆ ಚೀಲ ನಮ್ಮ ಮನೀವ್ರಿ" ಎಂದೆ. "ಖಾಲಿ ಮಾಡಸ್ತೀನಿ. ಕೇಂದ್ರ ನಮ್ಮೂರಾಗ ಇರ್ಲಿ."

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಷ್ಟರಲ್ಲಿ ತಿರುಗಿ ಬಂದಿದ್ದ ಮಾವನವರು ಕಟ್ಟೆಯ ಮೇಲೆ ಕುಳಿತಿದ್ದರು. "ಯಾರನ್ನ ಕೇಳಿ ಹೇಳಿದಿ?"

"ಊರ ಮಂದಿ ಆರಿಸ್ಯಾರಲ್ರಿ, ಅವರ ಪರವಾಗಿ ಹೇಳೀನ್ರಿ."

"ಬೀಗದ ಕೈ ನನ್ನ ಹತ್ರ ಐತಿ."

ಆಗ ಒಳಗಿನಿಂದ ಅತ್ತೆ ಬಂದರು. ಮಾವನವರ ಎದುರು ಅವರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನವೂ ಎತ್ತಲಿಲ್ಲ. "ಹೆರಿಗಿಗೆ ಹೊಂಟಾಗ ನನ್ನ ಚೊಚ್ಚಲ ಕೂಸು ರಾಣೆಬೆನ್ನೂರ ಹಾದ್ಯಾಗ, ಚಕ್ಕಡ್ಯಾಗ ಜೀವ ಬಿಟ್ತು. ಚಕ್ಕಡಿ ಹೊಡದಾವ್ರು ನೀವ. ಮರತ್ರೇನು?"

ಮಾವನವರು ಉಡದಾರದಿಂದ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟು ಹೊಲಕ್ಕೆ ಹೋದರು.

ಮರುದಿನ ಬೆಳಿಗ್ಗೆ ಮೊದಲ ಚೀಲಕ್ಕೆ ಕೈ ಹಚ್ಚಿದವರು ಅತ್ತೆ. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದರು. ಘಾಟಿಗೆ ಎಲ್ಲರಿಗೂ ಸೀನು, ಕೆಮ್ಮು, ಕಣ್ಣೀರು. ಸೀನು ನಿಂತರೆ ನಗು. ನನ್ನ ಗಂಡ ಚಕ್ಕಡಿ ತಂದು ನಿಲ್ಲಿಸಿ ಚೀಲ ಹೇರತೊಡಗಿದರು. ಮನೆಯ ದುರಸ್ತಿಗೆ ಹೆಂಚು, ಸುಣ್ಣ ಮಂಡಲದಿಂದಲೇ ಬಂದವು. ಮೊದಲಾದರೆ ಒಂದು ಹೆಂಚಿಗೂ ಧಾರವಾಡದ ಕಡೆ ಬಾಯಿ ತೆರೆದು ಕೂರಬೇಕಿತ್ತು. ನರ್ಸ್ ಒಂದು ಟ್ರಂಕು, ಒಂದು ಸ್ಟೋವು ತಂದು ಇದ್ದುಬಿಟ್ಟಳು.

ಮಳೆಗಾಲದಲ್ಲಿ, ಹಳ್ಳ ತುಂಬಿ ರಸ್ತೆ ಬಂದಾಗಿದ್ದ ದಿನ, ಕೆಳಗಿನ ಓಣಿಯ ಕೂಲಿ ಮಾಡುವ ಹುಡುಗಿಗೆ ಮುಂಜಾನೆ ಹೆರಿಗೆ ನೋವು ಕಾಣಿಸಿತು. ಅತ್ತೆ ತಮ್ಮ ಹಳೆಯ ಸೀರೆ ತೊಳೆದು ಮಡಿಚಿಟ್ಟುಕೊಂಡು ಕೇಂದ್ರದ ಪಡಸಾಲೆಯಲ್ಲಿ ಕಾದರು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಮಾವನವರು ಕೊಡೆ ಹಿಡಿದು ದಾರಿಯಲ್ಲಿ ನಿಂತಿದ್ದನ್ನು ಆಗಲೇ ನಾನು ನೋಡಿದ್ದು.

"ಹೆಂಗದಾರ?" ಎಂದು ಅಲ್ಲಿಂದಲೇ ಕೇಳಿದರು.

"ಹೆಣ್ಣಕೂಸ್ರಿ. ಇಬ್ರೂ ಆರಾಮ ಅದಾರ" ಎಂದಳು ನರ್ಸ್.

ಅತ್ತೆ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ಕುಳಿತರು. ಯಾರು ಕೇಳಿದರೂ ಬಹಳ ಹೊತ್ತು ಕೊಡಲೇ ಇಲ್ಲ.

ಧಾರವಾಡದಿಂದ ಕೆಳಗಿಳಿದು ಬಂದ ಅಧಿಕಾರ ಮೊದಲು ನಮ್ಮಂಥ ದೊಡ್ಡವರ ಮನೆಗೇ ಬಂತು, ಅದು ಖರೆ. ಆದರೆ ಆ ಅಧಿಕಾರವನ್ನು ಪ್ರಶ್ನಿಸುವವರು ಈಗ ಬಾಗಿಲಲ್ಲೇ ಇದ್ದರು. ಮುಂದಿನ ಸಭೆಗೆ ನಾನು ಹೊರಟಾಗ ನನ್ನ ಗಂಡ ಬಸ್ಸಿನ ತನಕ ಬಂದು ಮನೆಗೆ ತಿರುಗಿದರು. ನಮ್ಮೂರ ಶಾಲೆಗೆ ಮಾಸ್ತರರು ಸರಿಯಾಗಿ ಬರುವುದಿಲ್ಲವೆಂದು ಹೇಳಲು ಕೆಳಗಿನ ಓಣಿಯ ಹೆಣ್ಣುಮಕ್ಕಳು ಪಂಚಾಯಿತಿಯ ಮೆಟ್ಟಿಲ ಮೇಲೆ ಗುಂಪಾಗಿ ನಿಂತಿದ್ದರು. ನಾನು ಬೆಂಚಿನಲ್ಲಿ ಸರಿದು ಜಾಗ ಮಾಡಿದೆ. "ಹೊರಗ ಯಾಕ ನಿಂತೀರಿ?" ಎಂದೆ. "ಒಳಗ ಬರ್ರಿ. ಕುಂತು ಮಾತಾಡ್ರಿ."