ನೆಲಕ್ಕೆ ಬಿಟ್ಟ ಮರಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಎತ್ಕೋ ಅತ್ತೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಅವಳು ಆಯಾ. ಬಾಗಿಲಲ್ಲಿ ಅವಳ ಮುಖ ಕಂಡರೆ ಸಾಕು, ಚೆನ್ನಾಗಿ ನಡೆಯಲು ಬರುವ ಮಕ್ಕಳೂ ನಡೆಯುವುದನ್ನು ಮರೆತು, ಎರಡೂ ಕೈ ಮೇಲೆತ್ತಿ "ಎತ್ಕೋ" ಅನ್ನುತ್ತಿದ್ದವು. ಅವಳೂ ಅಷ್ಟೇ, ಬೇಡ ಅನ್ನುವ ಜಾತಿಯವಳಲ್ಲ. ಇಪ್ಪತ್ತರ ಪ್ರಾಯದಲ್ಲಿ ಆ ಕೆಲಸಕ್ಕೆ ಸೇರಿದವಳು ಈಗ ಐವತ್ತು ದಾಟಿದ್ದಾಳೆ, ಎಡ ಸೊಂಟ ಬಲಕ್ಕಿಂತ ಒಂದು ಬೆರಳು ಮೇಲೆ ನಿಂತುಬಿಟ್ಟಿದೆ.

ಅವಳ ಕೆಲಸದ ರೀತಿಯೇ ಹಾಗೆ. ಅಳು ಕೇಳಿದರೆ ಮೊದಲು ಎತ್ತಿಕೊಳ್ಳುವುದು, ಆಮೇಲೆ ಯಾಕೆ ಎಂದು ನೋಡುವುದು. ಹೊಸದಾಗಿ ಸೇರಿದ ಹುಡುಗಿಯರು ಮಗು ಬಿದ್ದರೆ "ಎಲ್ಲಿ, ತೋರ್ಸು" ಅಂತ ಪುರಾಣ ಬಿಚ್ಚುವಷ್ಟರಲ್ಲಿ ಅತ್ತೆಯ ತೋಳಲ್ಲಿ ಮಗು ಅಳು ನಿಲ್ಲಿಸಿ, ಅವಳ ಕಿವಿ ಎಳೆಯುತ್ತಿರುತ್ತಿತ್ತು. ತನ್ನ ಕೈಯಲ್ಲಿ ಒಂದು ಮಗುವಿನ ತಲೆಯೂ ಒಡೆದಿಲ್ಲ ಎಂಬುದು ಅವಳ ಒಂದೇ ಜಂಬ. ಇರಲಿ ಬಿಡಿ, ಅಷ್ಟು ದುಡಿದವರಿಗೆ ಅಷ್ಟಾದರೂ ಜಂಬ ಬೇಡವೇ.

ಮನೆಯಲ್ಲಿ ಬಡಗಿ ಗಂಡ, ಮಾತು ಕಮ್ಮಿ, ಮರದ ಹೊಟ್ಟು ಜಾಸ್ತಿ. ಮಕ್ಕಳಾಗಲಿಲ್ಲ. ಗಂಡನಿಗೊಬ್ಬ ಅಕ್ಕ ಇದ್ದರು. ಅವರದೇ ಒಂದು ದೊಡ್ಡ ಕತೆ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು, ಒಬ್ಬರೇ ಇರುವವರು, ಮಾತು ಕಡ್ಡಿ ಮುರಿದಂತೆ. ಅತ್ತೆ ಮದುವೆಯಾಗಿ ಬಂದ ಮೊದಲ ವಾರವೇ ಈ ನಾದಿನಿ ಅಲಮಾರಿ ತೆರೆದು, ಅವಳು ಮಡಿಸಿಟ್ಟ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಮತ್ತೆ ತಾವೇ ಮಡಿಸಿದ್ದರು. ಅಂದಿನಿಂದ ಇಂದಿನವರೆಗೆ ಅವಳು ಮಾಡಿದ ಯಾವ ಕೆಲಸವನ್ನೂ ಅವರು ಚೆನ್ನಾಗಿದೆ ಎಂದದ್ದಿಲ್ಲ. ಕೆಟ್ಟದ್ದು ಎಂದೂ ಹೇಳುತ್ತಿರಲಿಲ್ಲ. ಸುಮ್ಮನೆ ಮತ್ತೆ ಮಾಡುತ್ತಿದ್ದರು.

ಅಂಥವರು ಮಂಡಿ ಆಪರೇಷನ್‌ಗೆಂದು ಆಸ್ಪತ್ರೆ ಸೇರುವ ಹಿಂದಿನ ದಿನ, ತಮ್ಮ ನಾಯಿಮರಿಯನ್ನು ತಂದು ಅತ್ತೆಯ ಮಡಿಲಿಗೆ ಹಾಕಿದರು. ಹೆಸರು ಗೋಲಿ. ಕಂದು ಬಣ್ಣ, ಗುಂಡು ಹೊಟ್ಟೆ, ತನ್ನ ಕಿವಿಯನ್ನು ತಾನೇ ತುಳಿದು ಬೀಳುವ ಪ್ರಾಣಿ.

"ಮುಂಚಿನದ್ದರ ಗತಿ ನಿನಗೆ ಗೊತ್ತಲ್ಲ" ಎಂದರು ನಾದಿನಿ.

ಗೊತ್ತಿಲ್ಲದೆ ಏನು. ಗೋಲಿಗಿಂತ ಮುಂಚೆ ಅವರ ಬಳಿ ಹತ್ತಿ ಉಂಡೆಯಂಥ ಬಿಳಿ ನಾಯಿ ಇತ್ತು. ಅದು ನೆಲ ಕಂಡದ್ದೇ ಅಪರೂಪ. ಸೋಫಾ, ಮಡಿಲು, ಹೆಗಲು, ಇಷ್ಟೇ ಅದರ ಲೋಕ. ಬೇರೆ ನಾಯಿ ಎದುರಾದರೆ ನಾದಿನಿ ಬಾಚಿ ಎತ್ತಿಕೊಳ್ಳುತ್ತಿದ್ದರು. ಹೆದರಿಕೆ ಬೆಳೆದು ಹಲ್ಲಾಯಿತು. ಮೊದಲು ಕರೆಂಟ್ ಮೀಟರ್ ನೋಡಲು ಬಂದವನ ಮುಂಗೈ, ಆಮೇಲೆ ಪಕ್ಕದ ಮನೆಯ ಮಗುವಿನ ಕೆನ್ನೆ. ಮುನಿಸಿಪಾಲಿಟಿಯ ವ್ಯಾನು ಬಂತು. ನಾಯಿ ವಾಪಸ್ ಬರಲಿಲ್ಲ. ಆ ವರ್ಷವೆಲ್ಲ ನಾದಿನಿ ಯಾರ ಮನೆಗೂ ಹೋಗಲಿಲ್ಲ, ಯಾರ ಬಟ್ಟೆಯನ್ನೂ ಮಡಿಸಲಿಲ್ಲ.

"ಇವನಿಗೆ ಚುಚ್ಚುಮದ್ದೆಲ್ಲ ಮುಗಿದಿದೆ. ನಾಯಿಗಳ ಜೊತೆ ಹೇಗಿರ್ಬೇಕು ಅಂತ ಈ ವಯಸ್ಸಲ್ಲೇ ಕಲೀಬೇಕಂತೆ, ಆಮೇಲೆ ಕಷ್ಟ ಅಂದ್ರು ಡಾಕ್ಟ್ರು. ದಿನಾ ನಾಯಿ ಮೈದಾನಕ್ಕೆ ಕರ್ಕೊಂಡು ಹೋಗು. ಸಣ್ಣ ನಾಯಿಗಳ ಕಡೆಗೆ ಮಾತ್ರ. ಜೇಬಲ್ಲಿ ತಿಂಡಿ ಇಟ್ಕೋಬೇಡ, ಜಗಳ ಬರತ್ತೆ. ಬಾಗಿಲ ಹತ್ರ ನಾಯಿ ಗುಂಪುಗೂಡಿದ್ರೆ ಅವು ಚದುರೋವರೆಗೂ ಒಳಗೆ ಕಾಲಿಡಬೇಡ. ಮತ್ತೆ, ಏನೇ ಆಗ್ಲಿ, ಎತ್ಕೋಬೇಡ. ಬೇರೆ ನಾಯಿಗೂ ಅವನಿಗೂ ಮಧ್ಯೆ ನೀನು ನಿಂತ್ಕೋ."

"ಮಕ್ಕಳನ್ನ ನೋಡ್ಕೊಳ್ಳೋದು ನನಗೆ ಗೊತ್ತು ಅಕ್ಕ."

"ಮಕ್ಕಳಲ್ಲ ಕಣೇ. ನಾಯಿ."

ಅತ್ತೆ ಮನಸ್ಸಿನಲ್ಲೇ ಮೂಗು ಮುರಿದಳು. ಆದರೂ ಹೇಳಿದಂತೆಯೇ ನಡೆದುಕೊಂಡಳು. ಮೈದಾನಕ್ಕೆ ತಂತಿ ಬೇಲಿ, ನಡುವೆ ಇನ್ನೊಂದು ಬೇಲಿ. ಒಂದು ಕಡೆ ದೊಡ್ಡ ನಾಯಿಗಳು, ಇನ್ನೊಂದು ಕಡೆ ಸಣ್ಣವು. ಒಳಗೆ ಹೋಗಲು ಎರಡು ಗೇಟು, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು, ಇಲ್ಲದಿದ್ದರೆ ನಾಯಿ ರಸ್ತೆ ಪಾಲು. ಎರಡು ಗೇಟುಗಳ ನಡುವಿನ ಜಾಗದಲ್ಲಿ ಮರಿಯ ಬೆಲ್ಟು ಬಿಚ್ಚಬೇಕು. ಮೊದಲ ದಿನಗಳಲ್ಲಿ ಗೋಲಿ ಸಣ್ಣ ನಾಯಿಗಳ ಕಡೆ ಬೆಂಚಿನ ಕೆಳಗೇ ಕೂತಿದ್ದ. ಆಮೇಲೆ ಮೂಗು ಹೊರಗೆ ಹಾಕಿದ. ಗಿಡ್ಡ ಕಾಲಿನ ಒಂದು ಮುದಿ ಡ್ಯಾಶಂಡ್ ನಾಯಿಯ ಹಿಂದೆ ಎರಡು ಹೆಜ್ಜೆ ನಡೆದ. ಅತ್ತೆ ಆಸ್ಪತ್ರೆಗೆ ಫೋನು ಮಾಡಿ ಆ ಎರಡು ಹೆಜ್ಜೆಯನ್ನು ಎರಡು ಮೈಲಿ ಮಾಡಿ ಹೇಳಿದಳು.

ಕೇಂದ್ರಕ್ಕೆ ರಜೆಯಿದ್ದ ಒಂದು ಬೆಳಿಗ್ಗೆ ಹೋದಾಗ ಸಣ್ಣ ನಾಯಿಗಳ ಗೇಟಿಗೆ ಬೀಗ. ಹುಲ್ಲು ಹಾಕಿಸುತ್ತಿದ್ದಾರಂತೆ. ವಾಪಸ್ ಹೋಗಬಹುದಿತ್ತು. ಆದರೆ ದೊಡ್ಡ ಕಡೆ ಅಂಥ ಗಲಾಟೆ ಏನೂ ಕಾಣಲಿಲ್ಲ. ಪೇಂಟರ್ ಒಬ್ಬ, ಪ್ಯಾಂಟಿನ ತುಂಬ ಬಣ್ಣದ ಚುಕ್ಕೆ, ಬೇಲಿಗೆ ಬೆನ್ನು ಕೊಟ್ಟು ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಬೂದು ಬಣ್ಣದ ದೊಡ್ಡ ನಾಯಿ ಸರದಾರ ದೂರದ ಮೂಲೆಯಲ್ಲಿ ಮಣ್ಣು ಮೂಸುತ್ತಿತ್ತು. ಕಾಲೇಜು ಹುಡುಗಿಯೊಬ್ಬಳ ಎರಡು ಎಳೆಯ ಕಪ್ಪು ನಾಯಿಗಳು, ಅಣ್ಣತಮ್ಮಂದಿರು, ಒಂದನ್ನೊಂದು ಅಟ್ಟಿಕೊಂಡು ಓಡುತ್ತಿದ್ದವು. ಇಷ್ಟೇ ತಾನೆ ಎಂದುಕೊಂಡಳು ಅತ್ತೆ.

ಒಳಗಿನ ಗೇಟಿಗೆ ಆ ಅಣ್ಣತಮ್ಮಂದಿರು ಆಗಲೇ ಬಂದು ಮೂಗು ಒತ್ತಿದ್ದರು. ಚದುರುವವರೆಗೆ ಕಾಯಬೇಕಿತ್ತು. ಅವಳು ಮೊಣಕಾಲಿಂದ ಸರಿಸಿ ಒಳಗೆ ನುಗ್ಗಿದಳು. ಮಕ್ಕಳ ಕೇಂದ್ರದ ಬಾಗಿಲಲ್ಲಿ ದಿನಾ ಅವಳು ಮಾಡುವುದೂ ಅದನ್ನೇ.

ಗೋಲಿ ಓಡಿದ. ಕಪ್ಪು ನಾಯಿಗಳು ಹಿಂದೆ ಬಿದ್ದವು. ಅತ್ತೆ ನಕ್ಕಳು. ಕೇಂದ್ರದ ಅಂಗಳದಲ್ಲಿ ನೂರಾರು ಸಲ ಕಂಡ ಮುಟ್ಟಾಟ ಇದು. ಗೋಲಿಯ ಬಾಯಿ ಅಗಲವಾಗಿ ತೆರೆದಿತ್ತು, ನಗುವ ಮಗುವಿನಂತೆಯೇ ಕಾಣುತ್ತಿದ್ದ. ಎರಡು ಸುತ್ತು ಮುಗಿದ ಮೇಲೆ ಅವಳಿಗೆ ಏನೋ ಕಸಿವಿಸಿ. ಮುಟ್ಟಾಟದಲ್ಲಿ ಅಟ್ಟಿದವನು ಓಡಬೇಕು, ಓಡಿದವನು ಅಟ್ಟಬೇಕು. ಇಲ್ಲಿ ಓಡುತ್ತಿದ್ದವನು ಒಬ್ಬನೇ. ಅವನ ಬಾಲ ಹೊಟ್ಟೆಯ ಕೆಳಗೆ ಸೇರಿಹೋಗಿತ್ತು. ಬೆಂಚಿನ ಕೆಳಗೆ ನುಗ್ಗಲು ಹೋದವನನ್ನು ಒಂದು ನಾಯಿ ಎದೆಯಿಂದ ಗುದ್ದಿ ಉರುಳಿಸಿತು. ಇನ್ನೊಂದು ಮೇಲೆ ನಿಂತಿತು. ಗೋಲಿ ಕಿರುಚಿದ.

ಆ ಕಿರುಚಾಟಕ್ಕೆ ದೂರದ ಮೂಲೆಯಲ್ಲಿ ಸರದಾರನ ತಲೆ ಮೇಲೆದ್ದಿತು.

ಮುಂದೆ ಆದದ್ದನ್ನು ಅತ್ತೆ ಮಾಡಿದಳೆನ್ನುವುದಕ್ಕಿಂತ ಅವಳ ತೋಳುಗಳು ಮಾಡಿದವು ಎನ್ನಬೇಕು. ಕಪ್ಪು ನಾಯಿಗಳ ನಡುವೆ ಬಾಗಿದಳು, ಮರಿಯನ್ನು ಬಾಚಿ ಎದೆಗೆ ಅಪ್ಪಿಕೊಂಡಳು. ಅಲ್ಲಿಯವರೆಗೆ ಆಟಕ್ಕೂ ಜಗಳಕ್ಕೂ ನಡುವೆ ತೂಗುತ್ತಿದ್ದ ನಾಯಿಗಳಿಗೆ ಕಣ್ಣಿಗೆ ಕಾಣುವ, ಬಾಯಿಗೆ ಎಟುಕದ ಒಂದು ವಸ್ತು ಸಿಕ್ಕಂತಾಯಿತು. ಒಂದು ಹಾರಿತು. ಅವಳು ಮರಿಯನ್ನು ಹೆಗಲಿಗೆ ಏರಿಸಿದಳು. ಎರಡೂ ಹಾರಿದವು. ಅವಳು ಇನ್ನೂ ಮೇಲೆ ಎತ್ತಿದಳು. ಅವು ಇನ್ನೂ ಮೇಲೆ ಹಾರಿದವು. ಸ್ವೆಟರಿನ ತೋಳು ಪರ್ ಎಂದು ಹರಿಯಿತು, ಮೊಣಕೈ ಹತ್ತಿರ ಬಿಸಿಯಾಗಿ ಉರಿಯಿತು. ಎತ್ತಿಕೊಂಡರೆ ಅಳು ನಿಲ್ಲಬೇಕು, ಅವಳ ಇಡೀ ಬಾಳಿನಲ್ಲಿ ಹಾಗೇ ಆಗಿದೆ. ಈ ಕೂಸು ಅವಳ ತೋಳಲ್ಲಿ ಹೆಚ್ಚು ಹೆಚ್ಚು ಕಿರುಚುತ್ತಿತ್ತು, ಅವಳ ಕುತ್ತಿಗೆಯನ್ನು ಪರಚುತ್ತಿತ್ತು.

"ಸರದಾರ, ಬಾ ಇಲ್ಲಿ" ಎಂದು ಪೇಂಟರ್ ಕೂಗುವುದು ಕೇಳಿಸಿತು. ಸರದಾರ ಒಡೆಯನ ಕಡೆ ತಿರುಗಿಯೂ ನೋಡದೆ ಅವಳ ಕಡೆಗೇ ನೇರ ಓಡಿ ಬರುತ್ತಿತ್ತು. ಕರುವಿನಷ್ಟು ಎತ್ತರದ ನಾಯಿ. ಬೀಳಿಸಿದರೆ ಬಿದ್ದೆ, ಮರಿ ಉಳಿಯುವುದಿಲ್ಲ ಎಂದುಕೊಂಡಳು.

ಸರದಾರ ಅವಳನ್ನು ಮುಟ್ಟಲಿಲ್ಲ. ಅವಳಿಗೂ ಕಪ್ಪು ನಾಯಿಗಳಿಗೂ ನಡುವೆ ಅಡ್ಡಡ್ಡಲಾಗಿ ತೂರಿಕೊಂಡು, ಒಂದನ್ನು ಹೆಗಲಿಂದ ಪಕ್ಕಕ್ಕೆ ನೂಕಿ, ಹಾಗೇ ನಿಂತುಬಿಟ್ಟಿತು. ಕಪ್ಪು ನಾಯಿಗಳು ತಬ್ಬಿಬ್ಬಾದವು. ಅಷ್ಟರಲ್ಲಿ ಹುಡುಗಿ ಓಡಿಬಂದು ಎರಡರ ಕೊರಳಿಗೂ ಬೆಲ್ಟು ಸಿಕ್ಕಿಸಿ, "ಸಾರಿ ಆಂಟಿ, ಸಾರಿ" ಎನ್ನುತ್ತ ಬೇಲಿಯ ಆ ತುದಿಗೆ ಎಳೆದುಕೊಂಡು ಹೋದಳು.

ಪೇಂಟರ್ ಫೋನನ್ನು ಜೇಬಿಗೆ ತುರುಕಿಕೊಂಡು ಓಡಿಬಂದ. "ಫೋನಲ್ಲಿದ್ದೆ ಅಮ್ಮ, ನಾನು ನೋಡ್ಕೋಬೇಕಿತ್ತು. ನಿಮ್ಮ ಕೈಯಲ್ಲಿ ರಕ್ತ ಬರ್ತಿದೆ. ಮರೀನ ಹಾಗೇ ಹಿಡ್ಕೊಂಡು ಹೊರಗೆ ಹೋಗಿಬಿಡಿ. ನಾನು ಗೇಟ್ ತೆಗೀತೀನಿ."

ಅತ್ತೆ ಗೇಟಿನ ಕಡೆ ಹೊರಟೇಬಿಟ್ಟಳು. ಗೋಲಿಯ ಮೂತಿ ಅವಳ ಕಂಕುಳಲ್ಲಿ ಹುದುಗಿತ್ತು, ಮೈ ಗಡಗಡ ನಡುಗುತ್ತಿತ್ತು. ಆಗ ಸರದಾರ ಹಿಂದಿನಿಂದ ಒಂದು ಹೆಜ್ಜೆ ಇಟ್ಟಿತು, ಅಷ್ಟೇ, ಮರಿ ತಲೆ ಹೊರಗೆ ಹಾಕಿ ಹಲ್ಲು ಕಿರಿದು ಗುರ್ ಎಂದಿತು. ಅಕ್ಕಿಕಾಳಿನಂಥ ಹಲ್ಲು. ಇಷ್ಟು ದಿನ ಅವನ ಬಾಯಿಂದ ಆ ಸದ್ದು ಬಂದೇ ಇರಲಿಲ್ಲ.

ಅವಳ ಕಾಲು ನಿಂತಿತು. ಬಿಳಿ ನಾಯಿ ನಾದಿನಿಯ ಹೆಗಲ ಮೇಲಿಂದ ಹೀಗೇ ಗುರ್ ಎನ್ನುತ್ತಿತ್ತು. ಈಗ ಇವನನ್ನು ತೋಳಲ್ಲೇ ಹೊತ್ತುಕೊಂಡು ಹೋದರೆ, ನೆಲವೆಂದರೆ ಕಂಟಕ, ತೋಳೊಂದೇ ಕ್ಷೇಮ ಎನ್ನುವ ಪಾಠ ಇವನ ತಲೆಗೆ ಹೋಗಿ ಕೂರುತ್ತದೆ. ಆಮೇಲೆ ಯಾರು ತಿಪ್ಪರಲಾಗ ಹಾಕಿದರೂ ಅದು ಹೊರಗೆ ಬರುವುದಿಲ್ಲ. ಇನ್ನೊಂದು ಮೀಟರಿನವನ ಕೈ, ಇನ್ನೊಂದು ಮಗುವಿನ ಕೆನ್ನೆ, ಇನ್ನೊಂದು ವ್ಯಾನು. ಇಳಿಸಿದರೋ, ಈ ಕರುವಿನಂಥ ಪ್ರಾಣಿ ಒಮ್ಮೆ ಬಾಯಿ ಮುಚ್ಚಿದರೆ ಮುಗಿಯಿತು.

"ಮರಿಗಳ ಜೊತೆ ಹೇಗಿರತ್ತೆ ನಿನ್ನ ನಾಯಿ?" ಎಂದು ಕೇಳಿದಳು.

ಪೇಂಟರ್ ತಡವರಿಸಿದ. "ಸುಳ್ಳು ಹೇಳಲ್ಲ ಅಮ್ಮ. ಇಷ್ಟು ಚಿಕ್ಕ ಮರಿ ಹತ್ರ ಯಾವತ್ತೂ ಬಿಟ್ಟಿಲ್ಲ. ನನಗೆ ಗೊತ್ತಿಲ್ಲ."

ಅವಳು ಸರದಾರನನ್ನು ನೋಡಿದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಮೈ ನೋಡಿದಳು. ಮಾತು ಬಾರದ ಮಕ್ಕಳನ್ನು ಸಾಕಿದವಳಿಗೆ ಮೈ ನೋಡುವುದು ಹೊಸದಲ್ಲ. ಬೆನ್ನ ಮೇಲಿನ ಕೂದಲು ಎದ್ದಿರಲಿಲ್ಲ. ಬಾಲ ಸೆಟೆದಿರಲಿಲ್ಲ, ಕೆಳಗೆ ಜೋತು ನಿಧಾನವಾಗಿ ಆಡುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಮುಖ ಸ್ವಲ್ಪ ಪಕ್ಕಕ್ಕೆ ಹೊರಳಿಸಿಕೊಂಡಿತ್ತು. ಇಷ್ಟು ಸಾಕೇ? ಸಾಕೋ ಸಾಲದೋ ಹೇಳುವವರು ಯಾರೂ ಇರಲಿಲ್ಲ.

"ಅದರ ಕೊರಳಪಟ್ಟಿ ಹತ್ರ ಕೈ ಇಟ್ಕೊಂಡಿರಪ್ಪ. ಎಳೀಬೇಡ" ಎಂದಳು. ಬಗ್ಗಿ, ಗೋಲಿಯನ್ನು ಹುಲ್ಲಿನ ಮೇಲೆ ಇಳಿಸಿದಳು. ಉಗುರು ಸ್ವೆಟರಿಗೆ ಸಿಕ್ಕಿಕೊಂಡಿತ್ತು, ಒಂದೊಂದೇ ಬಿಡಿಸಿದಳು. ನೆಟ್ಟಗೆ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಗೋಲಿ ಅವಳತ್ತ ತಿರುಗಿ, ಮುಂಗಾಲು ಎತ್ತಿ ಅವಳ ಕಾಲಿಗೆ ಒರಗಿ ಕುಂಯ್ ಎಂದ. ಕೈಯಿದ್ದವರು ಕೈ ಎತ್ತಿ ಕೇಳುವುದನ್ನೇ ಅವನು ಹಾಗೆ ಕೇಳಿದ. ಅವಳ ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು, ಕಳ್ಳನನ್ನು ಹಿಡಿದಂತೆ.

ಸರದಾರ ಮೂತಿ ತಗ್ಗಿಸಿತು. ಗೋಲಿ ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡ. ಆ ದೊಡ್ಡ ತಲೆ ಅವನ ಹೊಟ್ಟೆಯನ್ನು ಮೂಸಿತು, ಕುತ್ತಿಗೆಯನ್ನು ಮೂಸಿತು, ಕುತ್ತಿಗೆಯ ಮೇಲೆ ಬಾಯಿ ಇಟ್ಟು ಹಾಗೇ ನಿಂತಿತು. ಅತ್ತೆಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಒದೆಯಬೇಕೆನಿಸಿತು, ಕಾಲು ಕದಲಿಸಲಿಲ್ಲ.

ಸರದಾರ ತಲೆ ಎತ್ತಿತು. ಗಟ್ಟಿಯಾಗಿ ಸೀನಿತು. ತನಗೆ ಇದರಲ್ಲಿ ಏನೂ ಇಲ್ಲವೆಂಬಂತೆ ಬೆನ್ನು ತಿರುಗಿಸಿ ಎರಡು ಹೆಜ್ಜೆ ನಡೆದು ಹುಲ್ಲು ಮೂಸತೊಡಗಿತು.

ಗೋಲಿ ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದ. ಆಮೇಲೆ ಎದ್ದ. ಕಿವಿಯಿಂದ ಬಾಲದವರೆಗೆ ಮೈ ಕೊಡವಿದ. ಅತ್ತೆಯತ್ತ ನೋಡಿದ, ಸರದಾರನತ್ತ ನೋಡಿದ. ಅವಳ ಬಳಿಗೆ ಬರಲಿಲ್ಲ. ಸರದಾರನ ಹಿಂದೆ ಹೋಗಿ, ಅದು ಮೂಸಿದ ಜಾಗವನ್ನೇ ಬಹಳ ಗಂಭೀರವಾಗಿ ಮೂಸಿದ.

ಅತ್ತೆ ಬೆಂಚಿನ ಮೇಲೆ ಕೂತಳು. ಪೇಂಟರ್ ತನ್ನ ಕರವಸ್ತ್ರವನ್ನು ಅವಳ ಮೊಣಕೈಗೆ ಕಟ್ಟಿ, ಗಾಯ ತೊಳೆಸಿ ಸೂಜಿ ಹಾಕಿಸಿಕೊಳ್ಳಿ, ತಡಮಾಡಬೇಡಿ ಎಂದ. ಆಗಲಿ ಎಂದಳು. ಅದಕ್ಕೂ ಮುಂಚೆ ಒಂದು ಕೆಲಸ ಬಾಕಿ ಇತ್ತು. ಆಸ್ಪತ್ರೆಗೆ ಫೋನು ಹಚ್ಚಿದಳು.

ಒಂದನ್ನೂ ಮುಚ್ಚಿಡಲಿಲ್ಲ. ಬೀಗ ಹಾಕಿದ ಗೇಟು, ನುಗ್ಗಿ ಒಳಗೆ ಹೋದದ್ದು, ನಕ್ಕದ್ದು, ಎಲ್ಲ ಹೇಳಿದಳು.

"ಎತ್ಕೊಂಡ್ಯಾ?" ಎಂದರು ನಾದಿನಿ.

"ಎತ್ಕೊಂಡೆ ಅಕ್ಕ. ನೀವು ಅಷ್ಟು ಹೇಳಿದ್ರೂ ಎತ್ಕೊಂಡೆ."

"ಆಮೇಲೆ?"

"ಆಮೇಲೆ ಇಳಿಸ್ದೆ. ಆ ದೊಡ್ಡ ನಾಯಿ ಮುಂದೇನೇ ಇಳಿಸ್ದೆ. ಈಗ ಅದರ ಹಿಂದೇನೇ ಓಡಾಡ್ತಿದ್ದಾನೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾವುದೋ ಗಾಡಿಯ ಚಕ್ರ ಕಿರುಗುಟ್ಟಿಕೊಂಡು ದೂರ ಹೋಯಿತು.

"ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ" ಎಂದರು ನಾದಿನಿ. "ಎತ್ಕೊಂಡ ಮೇಲೆ ಇಳಿಸೋದು ನನ್ನ ಕೈಲಿ ಒಂದು ದಿನಾನೂ ಆಗ್ಲಿಲ್ಲ."