ಜಗಳೂರಿನ ಬಸ್ಸು, ಗೋವಿನಕೋವಿಯ ಏರು

ನ್ಯಾಮತಿಯ ಅಲ್ಲಾವುದ್ದೀನ್ ಸಾಬರ ಜೀಪಿಗೆ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಅವರು ತಮ್ಮ ಗಡ್ಡ ಸವರಿಕೊಳ್ಳುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ಜೀಪಿಗೆ ಮಾತ್ರ ವರ್ಷಕ್ಕೊಮ್ಮೆ ಹಸಿರು ಬಣ್ಣ ಬೀಳುತ್ತಿದ್ದುದರಿಂದ ಅದು ಅವರಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಅಡಿಕೆ ಕೊಯ್ಲು ಶುರುವಾಯಿತೆಂದರೆ ಆ ಜೀಪಿನ ಹಿಂದಿನ ಹುಕ್ಕಿಗೆ, ಎರಡು ಗಾಲಿಯ ಮೇಲೆ ಕೂತ ಅಡಿಕೆ ಸುಲಿಯುವ ಯಂತ್ರ ಬಂದು ಸೇರುತ್ತಿತ್ತು. ಗೋವಿನಕೋವಿ, ಸವಳಂಗ, ಅತ್ತ ತ್ಯಾವಣಿಗೆಯವರೆಗೂ, ಯಾರ ಕಣದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿದೆಯೋ ಅಲ್ಲಿಗೆ ಅದನ್ನು ಎಳೆದೊಯ್ಯುವುದು ಸಾಬರ ಕೆಲಸ. ಹೋದ ಮೇಲೆ ಸುಲಿಯುವುದು ಅವರ ಹೆಂಡತಿ ಹಜೀರಾ ಅವರ ಕೆಲಸ.

ನಿಜ ಹೇಳಬೇಕೆಂದರೆ ಜನಕ್ಕೆ ಬೇಕಿದ್ದುದು ಹಜೀರಾ ಅವರೇ. ರಾಶಿಯಿಂದ ಒಂದು ಹಿಡಿ ಅಡಿಕೆ ಎತ್ತಿಕೊಂಡು, ಗಾತ್ರ ನೋಡಿ, ಯಂತ್ರದ ಬ್ಲೇಡು ಎಷ್ಟು ಬಿಗಿಯಾಗಬೇಕು, ಎಷ್ಟು ಸಡಿಲವಾಗಬೇಕು ಎಂದು ಅವರ ಬೆರಳಿಗೇ ಗೊತ್ತಾಗುತ್ತಿತ್ತು. ಬಿಗಿ ಹೆಚ್ಚಾದರೆ ಅಡಿಕೆಗೆ ಏಟು ಬೀಳುತ್ತದೆ, ಸಡಿಲಾದರೆ ಸಿಪ್ಪೆ ಬಿಡುವುದಿಲ್ಲ. ಫೋನು ಮಾಡಿದವರು ಸಾಬರ ಯೋಗಕ್ಷೇಮ ವಿಚಾರಿಸುವ ಮೊದಲೇ, "ಹಜೀರಕ್ಕ ಬರ್ತಾರಲ್ರೀ?" ಎಂದು ಕೇಳುತ್ತಿದ್ದರು. ಸಾಬರಿಗೆ ಇದರಿಂದ ಬೇಜಾರಿರಲಿಲ್ಲ. ಇದ್ದರೂ ತೋರಿಸಿಕೊಳ್ಳುತ್ತಿರಲಿಲ್ಲ.

ಕಷ್ಟವಿದ್ದುದು ಏರಿನಲ್ಲಿ. ಗೋವಿನಕೋವಿಯ ನಾಗರಾಜಪ್ಪನವರ ಕಣ ದಿಬ್ಬದ ಮೇಲಿತ್ತು. ಅಲ್ಲಿಗೆ ಹತ್ತುವ ಸಿಮೆಂಟ್ ರಸ್ತೆಯ ಅರ್ಧಕ್ಕೆ ಬರುವಷ್ಟರಲ್ಲಿ ಜೀಪು ಏದುಸಿರು ಬಿಡುತ್ತಿತ್ತು. ಆಗ ಹಜೀರಾ ಸೀಟಿನ ಕೆಳಗಿದ್ದ ಜಾಲಿ ಮರದ ತುಂಡೊಂದನ್ನು ಎತ್ತಿಕೊಂಡು ಕೆಳಗಿಳಿಯಬೇಕು. ಜೀಪು ಎರಡು ಮಾರು ಮುಂದೆ ಹೋಗಿ ನಿಂತರೆ ಯಂತ್ರದ ಗಾಲಿಗೆ ಆ ತುಂಡು ಅಡ್ಡ ಕೊಡಬೇಕು. ಸಾಬರು ಕ್ಲಚ್ಚು ಒತ್ತಿ, ಅಲ್ಲಾನ ಹೆಸರು ಹೇಳಿ, ಮತ್ತೆ ಎರಡು ಮಾರು. ಮತ್ತೆ ತುಂಡು. ದಿಬ್ಬದ ನೆತ್ತಿ ಮುಟ್ಟುವ ಹೊತ್ತಿಗೆ ಸಾಬರ ಬಿಳಿ ಟೋಪಿ ಬೆಳ್ಳಗೇ ಇರುತ್ತಿತ್ತು, ಹಜೀರಾ ಅವರ ಮುಖಕ್ಕೆ ಡೀಸೆಲ್ ಹೊಗೆ ಬಳಿದಿರುತ್ತಿತ್ತು.

"ಎಂಜಿನ್ನಿಗೆ ವಯಸ್ಸಾತು, ಏನ್ ಮಾಡಾಕಾಗ್ತೈತೆ," ಎಂದು ಸಾಬರು ಪ್ರತಿ ಸಲವೂ ಹೇಳುತ್ತಿದ್ದರು.

ಈ ವರ್ಷ ಕೊಯ್ಲಿಗೆ ಮೊದಲು ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತಿದ್ದ ಹಜೀರಾ ತಲೆಯೆತ್ತದೆ ಹೇಳಿದರು: "ನೋಡ್ರಿ, ಈ ಸಲ ನಾನು ಏರಿನಾಗೆ ಇಳಿಯಲ್ಲ. ಇಳಿಸಿದ್ರಿ ಅಂದ್ರೆ ಅಲ್ಲಿಂದಲೇ ಸೀದಾ ಮನೆಗೆ. ಯಂತ್ರ ನೀವೇ ಓಡಿಸ್ಕಳ್ರಿ."

"ಮಂಡಿ ನೋವಾ?"

"ಮಂಡಿ ಗಟ್ಟಿಯಾಗೇ ಐತೆ. ಕಣದಾಗೆ ಊರ ಹೆಂಗಸರೆಲ್ಲ ನಿಂತು ನೋಡ್ತಾರೆ. ಗಂಡ ಕುತ್ಕಂಡು ಬರ್ತಾನೆ, ಹೆಂಡ್ತಿ ಕಟ್ಟಿಗೆ ಹೊತ್ಕಂಡು ಬರ್ತಾಳೆ ಅಂತ ನಗ್ತಾರೆ. ಆ ನೋವು ನಿಮಗೆಲ್ಲಿ ಗೊತ್ತಾಗಬೇಕು."

ಮನೆಯಲ್ಲಿ ಅವರ ಮಾತು ಉರ್ದು. ಜಗಳ ಮಾತ್ರ ಕನ್ನಡ, ಏಕೆಂದರೆ ಅವರ ಜಗಳಗಳೆಲ್ಲ ಹುಟ್ಟಿದ್ದು ರೈತರ ಕಣಗಳಲ್ಲಿ, ಹತ್ತು ಜನರ ಎದುರಿನಲ್ಲಿ. ಮನೆಯ ಅಂಗಳದಲ್ಲೇ ಕನ್ನಡ ಶುರುವಾದದ್ದು ಕೇಳಿ ಸಾಬರಿಗೆ ಇದು ತಮಾಷೆಯಲ್ಲ ಎಂದು ಅರ್ಥವಾಯಿತು. ಹಜೀರಾ ಬರದಿದ್ದರೆ ಈ ಕೊಯ್ಲಿಗೆ ತಮ್ಮನ್ನು ಯಾರೂ ಕರೆಯುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಮರುದಿನವೇ ಚನ್ನಗಿರಿಗೆ ಜೀಪು ಬಿಟ್ಟರು.

ಚನ್ನಗಿರಿಯಲ್ಲಿ ಮೆಕ್ಯಾನಿಕ್ ಮರುಳಸಿದ್ದಪ್ಪ ಜೀಪಿನ ಬಾನೆಟ್ಟನ್ನು ಎತ್ತಲೂ ಇಲ್ಲ.

"ಎಂಜಿನ್ ಚಲೋ ಐತೆ ಸಾಬ್ರೆ. ರೋಗ ಎಲ್ಲೈತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು," ಎಂದ.

ಸಾಬರು ಅತ್ತಿತ್ತ ನೋಡಿದರು. ಹಜೀರಾ ನ್ಯಾಮತಿಯಲ್ಲೇ ಇದ್ದಾರೆಂದು ಗೊತ್ತಿದ್ದರೂ ಒಮ್ಮೆ ನೋಡಿದರು.

ರೋಗದ ಹೆಸರು ಕ್ರೌನು. ಎಂಜಿನ್ನಿನಿಂದ ಬರುವ ಶಾಫ್ಟು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗಬೇಕು ಎಂಬುದನ್ನು ಆಕ್ಸಲ್ ಒಳಗಿರುವ ಕ್ರೌನು ಮತ್ತು ಪಿನಿಯನ್ನು ಎಂಬ ಎರಡು ಹಲ್ಲುಗಾಲಿಗಳು ನಿರ್ಧರಿಸುತ್ತವೆ. ಸಾಬರ ಜೀಪು ಹುಟ್ಟಿದಾಗ ಅದಕ್ಕಿದ್ದದ್ದು ಐದಕ್ಕೂ ಮಿಕ್ಕಿ ಸುತ್ತಿನ ಕ್ರೌನು. ಅದರಲ್ಲಿ ಎಳೆತ ಜಾಸ್ತಿ, ಓಟ ಕಡಿಮೆ. ಒಂದು ವರ್ಷ ಹಜೀರಾ ಅವರ ತವರು ಜಗಳೂರಿಗೆ ಮದುವೆಗೆ ಹೋಗುವಾಗ ಮದುವೆಯ ಬಸ್ಸು ಈ ಜೀಪನ್ನು ಹಿಂದೆ ಹಾಕಿತು. ಬಸ್ಸಿನ ಕಿಟಕಿಯಿಂದ ಹಜೀರಾ ಅವರ ತಮ್ಮ ಶಾಹಿದ್ ತಲೆ ಹೊರಹಾಕಿ, ಹಲ್ಲು ಕಿರಿದು, ಕರವಸ್ತ್ರ ಬೀಸಿದ. ಜೀಪಿನಲ್ಲಿದ್ದ ಹಜೀರಾ ನಕ್ಕರು. ಸಾಬರಿಗೆ ಆ ರಾತ್ರಿ ಬಿರಿಯಾನಿ ರುಚಿಸಲಿಲ್ಲ. ಊರಿಗೆ ಬಂದವರೇ ಚನ್ನಗಿರಿಗೆ ಹೋಗಿ, ಮರುಳಸಿದ್ದಪ್ಪ ಬೇಡ ಬೇಡವೆಂದರೂ ಕೇಳದೆ, ಹಿಂದೆ ಮುಂದೆ ಎರಡೂ ಕಡೆ ನಾಲ್ಕು ಚಿಲ್ಲರೆ ಸುತ್ತಿನ ಓಟದ ಕ್ರೌನು ಹಾಕಿಸಿದರು. ಅಂದಿನಿಂದ ಜಗಳೂರಿನ ರಸ್ತೆಯಲ್ಲಿ ಯಾವ ಬಸ್ಸೂ ಅವರನ್ನು ಹಿಂದೆ ಹಾಕಿಲ್ಲ. ಅಂದಿನಿಂದಲೇ ಗೋವಿನಕೋವಿಯ ಏರಿನಲ್ಲಿ ಹಜೀರಾ ಇಳಿಯತೊಡಗಿದ್ದು.

ಹಳೆಯ ಕ್ರೌನುಗಳಿಗೆ ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ, ಮರುಳಸಿದ್ದಪ್ಪ ಅಂಗಡಿಯ ಅಟ್ಟದಲ್ಲಿ ಇಟ್ಟಿದ್ದ. ಅವನ್ನು ಕೆಳಗಿಳಿಸಿದ.

"ಎರಡನ್ನೂ ಹಾಕಿಬಿಡಾನ," ಎಂದ.

ಸಾಬರ ಕಣ್ಣೆದುರು ಕರವಸ್ತ್ರ ಹಾರಾಡಿತು. ಸ್ವಲ್ಪ ಹೊತ್ತು ಯೋಚಿಸಿದವರ ಮುಖ ಅರಳಿತು. "ಹಿಂದಕ್ಕೆ ಮಾತ್ರ ಎಳೆತದ್ದು ಹಾಕು ಮರುಳಸಿದ್ದಣ್ಣ. ಮುಂದೆ ಓಟದ್ದೇ ಇರಲಿ. ಕೊಯ್ಲಿನಾಗೆ ಹಿಂದಿನ ಚಕ್ರದ ಮೇಲೆ ದುಡೀತೀನಿ. ಜಗಳೂರಿಗೆ ಹೋಗಬೇಕಾದಾಗ ಹಿಂದಿನ ಶಾಫ್ಟು ಬಿಚ್ಚಿ ಮನೆಯಾಗಿಟ್ಟು, ಮುಂದಿನ ಚಕ್ರದ ಮೇಲೆ ಓಡಿಸ್ತೀನಿ. ಒಂದೇ ಜೀಪು, ಎರಡು ಕೆಲಸ."

ಮರುಳಸಿದ್ದಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಹಂಗೆ ಮಾಡಿದ್ರೆ ಹಿಂದಿನ ಶಾಫ್ಟು ಇರುವಾಗ, ಮುಂದಿನ ಚಕ್ರಕ್ಕೂ ಎಳೆತ ಕೊಡೋ ಫ್ರಂಟ್ ಗೇರ್ ಮುಟ್ಟಾಕೇ ಬಾರದು. ಹಿಂದಿನ ಚಕ್ರ ಒಂದು ಲೆಕ್ಕದಾಗೆ, ಮುಂದಿನದು ಇನ್ನೊಂದು ಲೆಕ್ಕದಾಗೆ ತಿರುಗಾಕೆ ನೋಡ್ತಾವೆ. ನಿಮ್ಮ ಜೀಪಿನಾಗೆ ಫ್ರಂಟ್ ಹಾಕದೆ ಏರಿಗೆ ಬೇಕಾದ ಲೋ ಗೇರ್ ಬೀಳಲ್ಲ, ನೆನಪಿರಲಿ."

"ಕ್ರೌನೇ ಎಳೀವಾಗ ಲೋ ಗೇರ್ ಯಾತಕ್ಕೆ ಬೇಕು," ಎಂದು ಸಾಬರು ಅವನ ಬಾಯಿ ಮುಚ್ಚಿಸಿದರು.

ಮೊದಲ ಕೆಲಸ ನಾಗರಾಜಪ್ಪನವರದ್ದೇ ಬಂತು. ಜೀಪು ಏರಿನ ಅರ್ಧವನ್ನು ಗುಡುಗುಡು ಎನ್ನುತ್ತ ದಾಟಿತು. ಹಜೀರಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು. ಕಣದ ಬದಿಯಲ್ಲಿ ನಿಂತಿದ್ದ ಹೆಂಗಸರು ಇತ್ತಲೇ ನೋಡುತ್ತಿದ್ದರು. ಸಾಬರು ಖುಷಿಯಿಂದ ಮೀಸೆಯಿಲ್ಲದ ತುಟಿಯ ಮೇಲೆ ಬೆರಳಾಡಿಸಿದರು. ಕೊನೆಯ ಕಡಿದಾದ ಏರು ಬಂದಾಗ ಎಂಜಿನ್ನು ಒಮ್ಮೆ ಮುಗ್ಗರಿಸಿತು. ಹಜೀರಾ ಅವರ ಕಣ್ಣು ಸೀಟಿನ ಕೆಳಗಿನ ಜಾಲಿ ತುಂಡಿನತ್ತ ಹೋದದ್ದನ್ನು ಸಾಬರು ನೋಡಿದರು. ಅಷ್ಟು ವರ್ಷದ ಅಭ್ಯಾಸದ ಕೈ ಮರುಳಸಿದ್ದಪ್ಪನ ಮಾತಿಗಿಂತ ಮುಂದೆ ಓಡಿತು. ಜೀಪು ನಿಲ್ಲಿಸಿ ಫ್ರಂಟ್ ಗೇರ್ ಹಾಕಿ, ಲೋ ಗೇರಿಗೆ ಎಳೆದು, ಕ್ಲಚ್ಚು ಬಿಟ್ಟೇ ಬಿಟ್ಟರು.

ಜೀಪು ಮೊದಲು ಕುಪ್ಪಳಿಸಿತು. ಆಮೇಲೆ ನಡುಗಿತು. ಚಕ್ರಗಳು ಸಿಮೆಂಟಿನ ಮೇಲೆ ಕೀರಲು ದನಿ ತೆಗೆದವು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎಂಜಿನ್ನು ಆರಿಹೋಯಿತು. ಗೇರಿನ ಕಡ್ಡಿ ಹಾಕಿದಲ್ಲೇ ಸಿಕ್ಕಿಕೊಂಡು, ಎಷ್ಟು ಜಗ್ಗಿದರೂ ಹೊರಗೆ ಬರಲಿಲ್ಲ. ಹಜೀರಾ ತುಂಡು ಎತ್ತಿಕೊಂಡು ಕೆಳಗಿಳಿದು, ಯಂತ್ರದ ಗಾಲಿಗೆ ಅಡ್ಡ ಕೊಟ್ಟರು.

ಸಾಬರು ಚನ್ನಗಿರಿಗೆ ಫೋನು ಹಚ್ಚಿದರು. ಎರಡೂ ಕೈಯಿಂದ ಕಡ್ಡಿ ಜಗ್ಗಬೇಕಿತ್ತಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಸೀಟಿನ ಮೇಲಿಟ್ಟರು. ಅವರ ಗ್ರಹಚಾರಕ್ಕೆ ಹಜೀರಾ ಪಕ್ಕಕ್ಕೇ ಬಂದು ನಿಂತಿದ್ದರು.

"ಮುಂದಿನ ಒಂದು ಚಕ್ರಕ್ಕೆ ಜಾಕಿ ಕೊಡ್ರಿ, ಬಿಗಿ ಬಿಡ್ತೈತೆ," ಎಂದಿತು ಮರುಳಸಿದ್ದಪ್ಪನ ದನಿ. "ಬಡ್ಕಂಡೆ ನಿಮಗೆ. ಆವತ್ತೂ ಬಡ್ಕಂಡೆ, ಜಗಳೂರಿನ ಬಸ್ಸಿನ ಹಠಕ್ಕೆ ಎಳೆತದ ಕ್ರೌನು ತೆಗಿಸಬ್ಯಾಡ್ರಿ, ಏರಿನಾಗೆ ಒದ್ದಾಡ್ತೀರಿ ಅಂತ."

ಸಾಬರು ಫೋನು ಆರಿಸಲು ಕೈಚಾಚಿದರು, ಆದರೆ ತಡವಾಗಿತ್ತು.

ಹಜೀರಾ ಜಾಕಿ ತಂದುಕೊಟ್ಟರು. ಚಕ್ರ ನೆಲ ಬಿಟ್ಟದ್ದೇ ತಡ, ಢಣ್ ಎಂದು ತಾನಾಗಿಯೇ ಸುತ್ತಿ, ಕಡ್ಡಿ ಸಡಿಲವಾಯಿತು. ಆಗ ಹಜೀರಾ ಕೇಳಿದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಸಾಬರಿಗೆ ಹೆದರಿಕೆಯಾದದ್ದು ಅದಕ್ಕೇ.

"ಅಂದ್ರೆ ಎಂಜಿನ್ನಿಗೆ ವಯಸ್ಸಾಗಿರಲಿಲ್ಲ. ಇಷ್ಟು ವರ್ಷ ನಾನು ಹೊಗೆ ಕುಡ್ಕಂಡು ಏರು ಹತ್ತಿದ್ದು ಶಾಹಿದ್‌ನ ಕರವಸ್ತ್ರಕ್ಕಾ?"

ಸಾಬರು ಬಗ್ಗಿ ಜಾಕಿ ಇಳಿಸತೊಡಗಿದರು. ನಾಗರಾಜಪ್ಪನವರ ಟ್ರ್ಯಾಕ್ಟರು ಬಂದು ಯಂತ್ರವನ್ನು ಮೇಲಕ್ಕೆ ಎಳೆದುಕೊಂಡಿತು. ಹಜೀರಾ ಒಪ್ಪಿಕೊಂಡ ರಾಶಿಯನ್ನು ಸಂಜೆಯವರೆಗೆ ಸುಲಿದು ಮುಗಿಸಿ, ಕೈ ತೊಳೆದು, ಬಸ್ಸಿಗೆ ಹತ್ತಿ ನ್ಯಾಮತಿಗೆ ಹೋದರು. ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ.

ಒಬ್ಬರೇ ಜೀಪು ಓಡಿಸಿಕೊಂಡು ಹೋಗುವಾಗ ಸಾಬರಿಗೆ ಪಕ್ಕದ ಸೀಟು ನೋಡಲು ನಾಚಿಕೆಯಾಯಿತು. ಜಗಳೂರಿನ ರಸ್ತೆಯಲ್ಲಿ ಬಸ್ಸುಗಳನ್ನು ಹಿಂದೆ ಹಾಕಿದಾಗಲೆಲ್ಲ ತಾವು ಎಷ್ಟು ಬೀಗಿದ್ದೆವು, ಪಕ್ಕದಲ್ಲಿ ಕೂತ ಈಕೆ ಪ್ರತಿ ಸಲವೂ ಎಷ್ಟು ಸುಮ್ಮನಿದ್ದಳು ಎಂಬುದು ನೆನಪಾಯಿತು. ಮನೆಗೆ ಹೋಗಿ ಕ್ಷಮೆ ಕೇಳುವ ಧೈರ್ಯವೂ ಆಗಲಿಲ್ಲ. ಬೆಳಗಾಗುತ್ತಲೇ ಹೊನ್ನಾಳಿಯ ಮೇಲೆ ಚನ್ನಗಿರಿಗೆ ಹೋಗಿ, ಮುಂದಿನ ಆಕ್ಸಲ್ಲಿಗೂ ಎಳೆತದ ಕ್ರೌನನ್ನೇ ಹಾಕಿಸಿದರು. ಓಟದ ಜೋಡಿಯನ್ನು ಅಟ್ಟಕ್ಕೇರಿಸಲು ಹೋದ ಮರುಳಸಿದ್ದಪ್ಪನ ಕೈ ಹಿಡಿದು, "ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡು," ಎಂದರು. ವಾಪಸು ಬರುವಾಗ ಹೊನ್ನಾಳಿ ರಸ್ತೆಯಲ್ಲಿ ಬಸ್ಸು, ಟೆಂಪೋ, ಹುಲ್ಲು ಹೇರಿದ ಆಟೋ, ಎಲ್ಲವೂ ಅವರನ್ನು ದಾಟಿಕೊಂಡು ಹೋದವು. ಸಾಬರು ಎಡಕ್ಕೆ ಸರಿದು ದಾರಿ ಕೊಟ್ಟರು.

ನಾಗರಾಜಪ್ಪನವರ ಎರಡನೆಯ ರಾಶಿ ಬಿದ್ದ ದಿನ, ಈಗ ಎರಡೂ ಕಡೆ ಎಳೆತದ ಕ್ರೌನೇ ಇದೆ ಎಂದು ಸಾಬರು ಹೇಳಿದ್ದನ್ನು ಹಜೀರಾ ಕೇಳಿಸಿಕೊಂಡೂ ಕೇಳಿಸದವರಂತೆ ಜೀಪು ಹತ್ತಿ ಕೂತರು. ಜಾಲಿ ತುಂಡನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಜೀಪಿನ ಮೇಲೆ ನಂಬಿಕೆಯಿರಲಿಲ್ಲ, ಗಂಡನ ಮಾತಿನ ಮೇಲೂ ಇರಲಿಲ್ಲ. ಕಡಿದಾದ ಏರು ಬಂತು. ಸಾಬರು ಫ್ರಂಟ್ ಹಾಕಿ, ಲೋ ಹಾಕಿ, ಕ್ಲಚ್ಚು ಬಿಟ್ಟರು. ಜೀಪು ಆರಾಮಾಗಿ ನಡೆಯುವ ಮನುಷ್ಯನ ಹಾಗೆ, ಅವಸರವಿಲ್ಲದೆ, ಎಲ್ಲೂ ನಿಲ್ಲದೆ, ದಿಬ್ಬ ಹತ್ತಿ ಕಣದ ನಡುವೆ ಹೋಗಿ ನಿಂತಿತು. ಹಜೀರಾ ಇಳಿದದ್ದು ಅಲ್ಲಿಯೇ.

ಅವರು ಸುಲಿಯುವ ಯಂತ್ರದ ಕಡೆ ಹೋಗಲಿಲ್ಲ. ಕಣದ ಮೂಲೆಯಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆ ಉರಿಯುತ್ತಿತ್ತು. ನೇರವಾಗಿ ಅಲ್ಲಿಗೆ ಹೋಗಿ, ಜಾಲಿ ತುಂಡನ್ನು ಒಲೆಯೊಳಕ್ಕೆ ತಳ್ಳಿ, ಅದಕ್ಕೆ ಬೆಂಕಿ ಹತ್ತುವವರೆಗೂ ನಿಂತು ನೋಡಿದರು.

ಸಾಬರು ಹಿಂದೆಯೇ ಬಂದು ಮೆಲ್ಲಗೆ ಕೇಳಿದರು: "ಇಳಿಯುವಾಗ ಬೇಕಾದ್ರೆ?"

"ಇಳಿಯುವಾಗ ನಿಮ್ಮ ಗೇರೇ ಹಿಡ್ಕಂತೈತೆ," ಎಂದರು ಹಜೀರಾ. ಆಮೇಲೆ ಕಣದಲ್ಲೇ, ಹತ್ತು ಜನರ ಎದುರಿನಲ್ಲೇ, ಉರ್ದುವಿನಲ್ಲಿ ಮೆಲ್ಲಗೆ ಒಂದು ಮಾತು ಹೇಳಿದರು. ಇನ್ನು ಮುಂದೆ ಜಗಳೂರಿಗೆ ಒಂದು ತಾಸು ಮುಂಚೆ ಹೊರಟರಾಯಿತು, ಎಂದು.